ಸೋಯಾ ಬೀಜಕ್ಕೆ ರೈಜೋಬಿಯಂ ಉಪಚಾರ

ರೈಜೋಬಿಯಂ ಎಂದರೆ ಬೇರಿನಲ್ಲಿ ಗಂಟು ಕಟ್ಟಿ ಗಿಡಕ್ಕೆ ಸಾರಜನಕ ಒದಗಿಸುವ ಜೀವಾಣು. ಅದರ ಪೊಟ್ಟಣದ ಮೇಲೆ 'ಸೋಯಾ' ಎಂದೇ ಇರಲಿ. ಶೇಂಗಾಕ್ಕೆ ತಂದ ತಳಿ ಸೋಯಾ ಬೇರಿನಲ್ಲಿ ಗಂಟು ಕಟ್ಟುವ ಭರವಸೆಯಿಲ್ಲ. ವಾಯಿದೆ ಮುಗಿದದ್ದು ಬೇಡ.

ಕಾಲು ಲೀಟರ್ ನೀರಿಗೆ 25 ಗ್ರಾಂ ಬೆಲ್ಲ ಹಾಕಿ ಕುದಿಸಿ, ಪೂರ್ತಿ ಆರಿಸಿ. ಬಿಸಿ ಇದ್ದರೆ ಜೀವಾಣು ಸಾಯುತ್ತದೆ. 200 ಗ್ರಾಂ ರೈಜೋಬಿಯಂ ಪುಡಿ ಕಲಸಿ, 10 ಕೆ.ಜಿ. ಬೀಜದ ಮೇಲೆ ಸ್ವಲ್ಪಸ್ವಲ್ಪವೇ ಚಿಮುಕಿಸುತ್ತ ಹಗುರವಾಗಿ ಹೊರಳಿಸಿ. ಬೀಜ ಒದ್ದೆಯಾಗುವಂತಿದ್ದರೆ ನಿಲ್ಲಿಸಿ. ಉಜ್ಜಿದರೆ ಸೋಯಾ ಸಿಪ್ಪೆ ಸುಲಿಯುತ್ತದೆ. ನೆರಳಲ್ಲಿ ಆರಿಸಿ, ಅಂದೇ ಬಿತ್ತಿ. ಶಿಲೀಂಧ್ರನಾಶಕ ಹಾಕುವುದಿದ್ದರೆ ಅದು ಮೊದಲು, ರೈಜೋಬಿಯಂ ಕೊನೆಗೆ.

ಹೂ ಬಿಡುವಾಗ ನಾಲ್ಕೈದು ಗಿಡ ಸಲಿಕೆಯಿಂದ ಅಗೆದು (ಕೀಳಬೇಡಿ, ಗಂಟು ಮಣ್ಣಲ್ಲೇ ಉಳಿಯುತ್ತದೆ) ಗಂಟನ್ನು ಸೀಳಿ ನೋಡಿ. ಒಳಗೆ ನಸುಗೆಂಪಿದ್ದರೆ ಸಾರಜನಕ ಸಿಗುತ್ತಿದೆ. ಬಿಳಿ, ಹಸಿರು ಇದ್ದರೆ ಇಲ್ಲ. ಬೆರಳಲ್ಲಿ ಉದುರದೆ ಬೇರು ತಾನೇ ಉಬ್ಬಿದಂತಿದ್ದರೆ ಅದು ಜಂತುಹುಳುವಿನ ಗಂಟು.

ಈ ಸಹಕಾರ ಬರೀ ಔದಾರ್ಯವಲ್ಲ. ಗಿಡ ಸಕ್ಕರೆ ಕೊಡುತ್ತದೆ, ಜೀವಾಣು ಸಾರಜನಕ ಕೊಡುತ್ತದೆ. 2003ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸಾರಜನಕ ಕೊಡದಂತೆ ತಡೆದ ಗಂಟುಗಳಲ್ಲಿ ಜೀವಾಣುಗಳ ಸಂತತಿ ಕುಗ್ಗಿತು. ಸೋಯಾ ಗಿಡ ಅಂಥ ಗಂಟಿಗೆ ಆಮ್ಲಜನಕವನ್ನೇ ಬಿಗಿಹಿಡಿಯುತ್ತದೆಂಬ ಸುಳಿವೂ ಸಿಕ್ಕಿತು. ಸೋಮಾರಿ ತಳಿ ಮೇಲುಗೈ ಸಾಧಿಸದಿರಲು ಈ ಶಿಕ್ಷೆಯೂ ಒಂದು ಕಾರಣ. ಯೂರಿಯಾ ಸುರಿದರೆ ಗಿಡಕ್ಕೆ ಈ ವ್ಯವಹಾರವೇ ಬೇಡವಾಗಿ ಗಂಟು ಕಡಿಮೆಯಾಗುತ್ತದೆ.