ಕಬ್ಬಿನ ಟ್ರೇಲರ್: ಭಾರ ಎಲ್ಲಿ ಕೂತಿದೆ ನೋಡಿ
ಮಂಡ್ಯದ ಅಣ್ಣಂದಿರೇ, ಕಬ್ಬು ತುಂಬುವಾಗ ಎಷ್ಟು ಟನ್ ಅಂತ ನೋಡುತ್ತೇವೆ, ಭಾರ ಎಲ್ಲಿ ಕೂತಿದೆ ಅಂತ ನೋಡುವುದಿಲ್ಲ. ಎರಡು ಚಕ್ರದ ಟ್ರೇಲರ್‌ನಲ್ಲಿ ಭಾರ ಹಿಂದಕ್ಕೆ ಜಾಸ್ತಿಯಾದರೆ ಟ್ರ್ಯಾಕ್ಟರ್‌ನ ಹಿಂಭಾಗವನ್ನೇ ಮೇಲಕ್ಕೆ ಎತ್ತುತ್ತದೆ, ದೊಡ್ಡ ಚಕ್ರದ ಹಿಡಿತ ಹೋಗುತ್ತದೆ. ತೀರಾ ಮುಂದಕ್ಕೆ ಬಿದ್ದರೆ ಏರಿನಲ್ಲಿ ಟ್ರ್ಯಾಕ್ಟರ್ ಮೂತಿ ಎತ್ತುತ್ತದೆ. ಹೋದ ಸಲ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿ ಹತ್ತುವಾಗ ನನ್ನ ಸ್ಟೇರಿಂಗ್ ಇದ್ದಕ್ಕಿದ್ದಂತೆ ಹಗುರಾಯ್ತು. ನೋಡಿದರೆ ಮುಂದಿನ ಚಕ್ರ ನೆಲ ಬಿಟ್ಟಿದೆ! ಅರ್ಧ ಕಬ್ಬು ಅಲ್ಲೇ ಇಳಿಸಿದೆ.

ಟ್ರೇಲರ್‌ನ ಆಕ್ಸಲ್‌ಗಿಂತ (ಚಕ್ರದ ಅಚ್ಚಿಗಿಂತ) ಸ್ವಲ್ಪವೇ ಮುಂದೆ ಭಾರ ಬರುವ ಹಾಗೆ ತುಂಬಿಸಿ. ರಸ್ತೆಗೆ ಇಳಿಯುವ ಮುಂಚೆ ಎಡ, ಬಲ ಎರಡೂ ಬ್ರೇಕ್ ಪೆಡಲ್ ಸೇರಿಸಿ ಲಾಕ್ ಹಾಕಿ. ಒಂದೇ ಪೆಡಲ್ ಒತ್ತಿದರೆ ಗಾಡಿ ಒಂದು ಕಡೆಗೆ ಎಳೆದುಬಿಡುತ್ತದೆ, ದಯವಿಟ್ಟು ಮರೆಯಬೇಡಿ. ಇಳಿಜಾರಿನಲ್ಲಿ ನ್ಯೂಟ್ರಲ್ ಬೇಡವೇ ಬೇಡ, ಸಣ್ಣ ಗೇರಲ್ಲೇ ಇಳಿಸಿ. ಬ್ರೇಕ್ ಇಲ್ಲದ ಟ್ರೇಲರ್ ಹಿಂದಿನಿಂದ ತಳ್ಳುತ್ತಲೇ ಇರುತ್ತದೆ.