ಶೇಂಗಾ, ಎಳ್ಳು, ಹಾಲು, ಗೋಧಿ ಬಿಟ್ಟು ಕುರುಕಲು ತಿಂಡಿ ಮಾಡುವುದು ಹೇಗೆ?

ಮನೆಯಲ್ಲಿ ಒಬ್ಬರಿಗೆ ಶೇಂಗಾ ಅಲರ್ಜಿ ಅಂತ ಗೊತ್ತಾದ ಕೂಡಲೇ ಎಲ್ಲರೂ ಮಾಡುವ ಮೊದಲ ಕೆಲಸ, ಚಿತ್ರಾನ್ನಕ್ಕೆ ಶೇಂಗಾ ಬದಲು ಗೇರುಬೀಜ ಹಾಕುವುದು. ಒಗ್ಗರಣೆ ಸೌಟು ಮಾತ್ರ ಅದೇ. ಮಿಕ್ಸಿ ಜಾರೂ ಅದೇ. ಆಮೇಲೆ "ಶೇಂಗಾ ಹಾಕೇ ಇಲ್ಲ, ಆದ್ರೂ ತುಟಿ ಯಾಕೆ ಊದಿತು?" ಅನ್ನುವ ಪ್ರಶ್ನೆ. ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಕನ್ನಡದ ಮನೆಗಳಲ್ಲಿ ಇದನ್ನು ನೋಡಿ ನೋಡಿ ಸಾಕಾಗಿದೆ. ನಮ್ಮ ಮನೆಯ ಹುಡುಗನಿಗೆ ಶೇಂಗಾ, ಎಳ್ಳು, ಹಾಲು, ಗೋಧಿ ನಾಲ್ಕೂ ಆಗಿಬರುವುದಿಲ್ಲ. ಹಾಗಂತ ಅವನೇನೂ ಸಪ್ಪೆ ಗಂಜಿ ಕುಡಿದುಕೊಂಡು ಕೂತಿಲ್ಲ.

1. ಪಟ್ಟಿ ಬರೆಸಿಕೊಳ್ಳಿ

ಅಲರ್ಜಿ ಡಾಕ್ಟರರ ಹತ್ತಿರ ಬೇಡದ್ದನ್ನೂ ನಡೆಯುವುದನ್ನೂ ಬರೆಸಿಕೊಳ್ಳಿ. ಶೇಂಗಾ ಆಗದ ಹೆಚ್ಚಿನವರಿಗೆ ಬೇಳೆಕಾಳು ನಡೆಯುತ್ತದೆ, ಕೆಲವರಿಗೆ ಕಡಲೆಯೂ ಆಗುವುದಿಲ್ಲ. ಇಲ್ಲಿ ಊಹೆ ಬೇಡ. ಉಸಿರಾಟಕ್ಕೆ ಕಷ್ಟವಾದರೆ ಬೇಕಾಗುವುದು ಅಡ್ರಿನಾಲಿನ್ ಇಂಜೆಕ್ಷನ್. ಅಲರ್ಜಿ ಮಾತ್ರೆ ಕೊಟ್ಟು ಕಾಯುತ್ತ ಕೂರಬೇಡಿ, ಸೀದಾ ಆಸ್ಪತ್ರೆಗೆ ಹೋಗಿ.

2. ಪೊಟ್ಟಣದ ಹಿಂಬದಿ ಓದಿ

ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 2020ರ ಲೇಬಲ್ ನಿಯಮದ ಪ್ರಕಾರ ಗ್ಲುಟನ್ ಎಂಬ ಅಂಟು ಪ್ರೋಟೀನ್ ಇರುವ ಗೋಧಿಯಂಥ ಧಾನ್ಯ, ಹಾಲು, ಮೊಟ್ಟೆ, ಮೀನು, ಸಿಗಡಿ, ಶೇಂಗಾ, ಬಾದಾಮಿ-ಗೇರುಬೀಜ, ಸೋಯಾ ಇದ್ದರೆ ಅಲರ್ಜಿ ಸಾಲಿನಲ್ಲಿ ಹೇಳಲೇಬೇಕು. ಎಳ್ಳು ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಬರೀ ಆ ಒಂದು ಸಾಲು ನೋಡಿ ಬಿಡಬೇಡಿ, ಸಾಮಗ್ರಿಯ ಪೂರ್ತಿ ಪಟ್ಟಿ ಓದಿ. ಹಸಿರು ಚುಕ್ಕಿ ಇದ್ದರೆ ಮೊಟ್ಟೆ ಹಾಕಿಲ್ಲ ಎಂದಾಯಿತು, ಹಾಲು ಇರಬಹುದು. "ಗ್ಲುಟನ್ ಫ್ರೀ" ಬಿಸ್ಕತ್ತಿನಲ್ಲಿ ಹಾಲಿನ ಪುಡಿಯೋ ಬಾದಾಮಿ ಹಿಟ್ಟೋ ಇರುವುದುಂಟು. ಬೆಲೆಯೂ ಜಾಸ್ತಿ, ರುಚಿಯಂತೂ ಸೀಮೆಸುಣ್ಣ. ನನ್ನನ್ನು ಕೇಳಿದರೆ ಅದರ ತಂಟೆಗೇ ಹೋಗಬೇಡಿ.

ಇಂಗಿನ ಡಬ್ಬಿಯನ್ನು ಯಾರೂ ನೋಡುವುದಿಲ್ಲ. ನಾವು ತರುವ ಇಂಗಿನ ಪುಡಿಯಲ್ಲಿ ಸಾಮಾನ್ಯವಾಗಿ ಮೈದಾ ಸೇರಿರುತ್ತದೆ. ಅಕ್ಕಿಹಿಟ್ಟು ಸೇರಿಸಿದ್ದು ಸಿಕ್ಕರೆ ಸರಿ, ಇಲ್ಲದಿದ್ದರೆ ಬೆಳ್ಳುಳ್ಳಿ ಸಾಕು. ಇಲ್ಲಿ ಮಹಾರಾಷ್ಟ್ರದಲ್ಲಿ ಬಳಸುವ ಗೋಡಾ ಮಸಾಲೆ ಪುಡಿಯಲ್ಲಿ ಎಳ್ಳು ಇದ್ದೇ ಇರುತ್ತದೆ. ಅಂಗಡಿಯಲ್ಲಿ ಬಿಡಿಯಾಗಿ ತೂಗಿ ಕೊಡುವ ಫರಸಾಣ್, ಅಂದರೆ ಕರಿದ ಖಾರದ ತಿಂಡಿ, ಬೇಡವೇ ಬೇಡ. ಒಂದೇ ಬಾಣಲೆ, ಒಂದೇ ಎಣ್ಣೆ, ಒಂದೇ ಜಾಲರಿ.

3. ಹಿಟ್ಟು ಮತ್ತು ಪಾತ್ರೆ

ಹೆಚ್ಚಿನವರು ಎಡವುವುದು ಇಲ್ಲೇ. ಅಕ್ಕಿ ತೊಳೆದು ಒಣಗಿಸಿ, ಶ್ರದ್ಧೆಯಿಂದ ಬೀದಿ ಕೊನೆಯ ಗಿರಣಿಗೆ ಕೊಟ್ಟು ಬರುತ್ತಾರೆ. ಗಿರಣಿಯಲ್ಲಿ ಅದಕ್ಕೆ ಮುಂಚೆ ಬಿದ್ದದ್ದು ಗೋಧಿ. ಕಲ್ಲಿನ ಸಂದಿಯಲ್ಲಿ, ಹಿಟ್ಟು ಇಳಿಯುವ ಬಟ್ಟೆ ಚೀಲದಲ್ಲಿ ಅದು ಕೂತೇ ಇರುತ್ತದೆ. "ಮೊದಲು ಒಂದು ಹಿಡಿ ಅಕ್ಕಿ ಹಾಕಿ ತೆಗೀತೀನಿ ತಾಯಿ" ಅಂತ ಗಿರಣಿಯವರು ಹೇಳಿದರೂ ನಂಬಬೇಡಿ. ಅವರೇನೂ ಸುಳ್ಳು ಹೇಳುತ್ತಿಲ್ಲ, ಆದರೆ ಒಂದು ಹಿಡಿ ಅಕ್ಕಿಗೆ ಆ ಚೀಲ ಶುದ್ಧವಾಗುವುದಿಲ್ಲ. ಗೋಧಿ ಬೀಸಿದ ಘರ್‌ಘಂಟಿಗೂ, ಅಂದರೆ ಮನೆಯ ಪುಟ್ಟ ಹಿಟ್ಟಿನ ಯಂತ್ರಕ್ಕೂ, ಇದೇ ಮಾತು. ಅಕ್ಕಿಯನ್ನು ತೊಳೆದು, ನೆರಳಿನಲ್ಲಿ ಬಟ್ಟೆಯ ಮೇಲೆ ಹರಡಿ, ತುಸು ಪಸೆ ಇರುವಾಗಲೇ ಮಿಕ್ಸಿಯಲ್ಲಿ ಪುಡಿ ಮಾಡಿ ಜರಡಿ ಹಿಡಿಯಿರಿ.

ಆ ಮಿಕ್ಸಿ ಜಾರ್ ಹೊಸದಾಗಿರಲಿ. ಶೇಂಗಾ ಹಿಂಡಿ ಕುಟ್ಟಿದ ಜಾರಿನ ಮುಚ್ಚಳದ ರಬ್ಬರ್ ರಿಂಗ್ ಎತ್ತಿ ನೋಡಿ. ಕೆಳಗೆ ಎಣ್ಣೆ ಹಿಡಿದ ಕಂದು ಗೆರೆ ಕಾಣುತ್ತದೆ. ಬ್ಲೇಡಿನ ಅಡಿಯಲ್ಲೂ ಹಾಗೇ. ಬಿಸಿ ಮಾಡಿದರೆ ಹೋಗುತ್ತದೆ ಅನ್ನುವವರಿದ್ದಾರೆ. ಹುರಿದರೂ ಕರಿದರೂ ಶೇಂಗಾದ ಅಲರ್ಜಿ ಗುಣ ಹೋಗುವುದಿಲ್ಲ. ಮರದ ಲಟ್ಟಣಿಗೆ, ಮಣೆ, ಸೌಟು ಬೇರೆಯೇ ಇರಲಿ. ಒರೆಸುವ ಬಟ್ಟೆಯೂ ಅಷ್ಟೆ. ಮಸಾಲೆ ಡಬ್ಬಿಯ ಒಂದೇ ಚಮಚ ಎಲ್ಲ ಬಟ್ಟಲಿಗೂ ಓಡಾಡುತ್ತದೆ, ಅಲ್ವಾ? ಅಲರ್ಜಿ ಇರುವವರಿಗೆ ಬೇರೆ ಡಬ್ಬಿ ಇಡಿ.

ಹುರಿಗಡಲೆಯದು ಇನ್ನೊಂದು ಕಥೆ. ಭಟ್ಟಿಯಲ್ಲಿ ಶೇಂಗಾ ಹುರಿದ ಬಿಸಿ ಮರಳಿನಲ್ಲೇ ಕಡಲೆಯನ್ನೂ ಹುರಿಯುತ್ತಾರೆ. ಡಾಕ್ಟರ್ ಕಡಲೆ ನಡೆಯುತ್ತದೆ ಅಂದಿದ್ದರೆ, ಕಡಲೆಬೇಳೆ ನೆನೆಸಿ, ಬಟ್ಟೆಯಲ್ಲಿ ಒರೆಸಿ, ಕೊಬ್ಬರಿ ಎಣ್ಣೆಯಲ್ಲಿ ಕರಿದು ಅವಲಕ್ಕಿ ಚೂಡಾಕ್ಕೆ ಹಾಕಿ. ಶೇಂಗಾ ನೆನಪೇ ಆಗುವುದಿಲ್ಲ.

4. ಚಕ್ಕುಲಿ

ನಾಲ್ಕು ಬಟ್ಟಲು ಅಕ್ಕಿಹಿಟ್ಟಿಗೆ ಒಂದು ಬಟ್ಟಲು ಹುರಿದು ಪುಡಿ ಮಾಡಿದ ಉದ್ದಿನಹಿಟ್ಟು, ಉಪ್ಪು, ಖಾರದ ಪುಡಿ. ಎಳ್ಳಿನ ಬದಲು ಜೀರಿಗೆ. ಬೆಣ್ಣೆ ಬದಲು ನಾಲ್ಕು ಚಮಚ ಕಾಯಿಸಿದ ಕೊಬ್ಬರಿ ಎಣ್ಣೆ. ತುಪ್ಪ ಬೇಡ, ಅದರಲ್ಲೂ ಹಾಲಿನ ಅಂಶ ಉಳಿದಿರಬಹುದು. ಎಣ್ಣೆ ಜಾಸ್ತಿಯಾದರೆ ಚಕ್ಕುಲಿ ಬಾಣಲೆಯಲ್ಲೇ ಬಿಚ್ಚಿಕೊಳ್ಳುತ್ತದೆ, ಕಡಿಮೆಯಾದರೆ ಹಲ್ಲಿಗೆ ಕೆಲಸ. ಬಿಸಿನೀರಲ್ಲಿ ಕಲಸಿ. ಒತ್ತುವಾಗ ಎಳೆ ತುಂಡಾದರೆ ಇನ್ನಷ್ಟು ನೀರು ಚಿಮುಕಿಸಿ ನಾದಿ. ಸದ್ದು ಅಡಗುವವರೆಗೆ ಹದ ಉರಿಯಲ್ಲಿ ಕರಿಯಿರಿ.

ಅಂದ ಹಾಗೆ, ಅಜ್ಜಿ ಕಾಲದ ಹಿತ್ತಾಳೆ ಒರಳಿನ ಬಿಲ್ಲೆಯನ್ನು ಬೆಳಕಿಗೆ ಹಿಡಿದು ನೋಡಿ. ಹಳೆಯ ಎಳ್ಳು ತೂತಿನಲ್ಲಿ ಸಿಕ್ಕಿಕೊಂಡಿರುತ್ತದೆ. ಹೊಸ ಸ್ಟೀಲಿನದನ್ನೇ ತನ್ನಿ.

5. ಹಬ್ಬದ ತಟ್ಟೆ

ದೀಪಾವಳಿಗೆ ಪಕ್ಕದ ಮನೆಯ ಫರಾಳ, ಅಂದರೆ ಹಬ್ಬದ ತಿಂಡಿಗಳ ತಟ್ಟೆ, ಬಂದೇ ಬರುತ್ತದೆ. ಬೇಡ ಅನ್ನಬೇಡಿ, ಬೇಜಾರಾಗುತ್ತಾರೆ. ತೆಗೆದುಕೊಂಡು ಅಡುಗೆಮನೆಯಿಂದ ದೂರ ಇಡಿ. ತಿಂದವರು ಸೋಪು ಹಾಕಿ ಕೈ ತೊಳೆಯಬೇಕು. ಸ್ಯಾನಿಟೈಸರ್ ಹಚ್ಚಿದರೆ ಶೇಂಗಾ ಅಂಶ ಕೈಯಿಂದ ಹೋಗುವುದಿಲ್ಲ. ಅವರ ತಟ್ಟೆಯನ್ನು ಸುಮ್ನೆ ಖಾಲಿ ಕಳಿಸುವ ಬದಲು ನಿಮ್ಮ ಚಕ್ಕುಲಿ ತುಂಬಿ ಕೊಡಿ. ಏನೇನು ಹಾಕಿಲ್ಲ ಅಂತ ಆಗಲೇ ಹೇಳಿದರೆ ಮುಂದಿನ ವರ್ಷ ಅವರೇ ಫೋನ್ ಮಾಡಿ ಕೇಳುತ್ತಾರೆ.