ಬೇಸ್‌ಮೆಂಟಿನ ಔಟ್‌ಲೆಟ್‌ಗೆ ಜಿಎಫ್‌ಸಿಐ: ಲೈನ್ ಯಾವುದು, ಲೋಡ್ ಯಾವುದು?

ಅಮೆರಿಕದಲ್ಲಿರುವ ನಮ್ಮವರ ಮನೆಗಳಲ್ಲಿ ಅರ್ಧ ಸಂಸಾರ ಬೇಸ್‌ಮೆಂಟಿನಲ್ಲೇ. ಟೀವಿ, ಟ್ರೆಡ್‌ಮಿಲ್, ಊರಿಂದ ಬಂದ ಅಪ್ಪ-ಅಮ್ಮನಿಗೊಂದು ಮಂಚ. ಮೇಲೆ ಕಾರ್ಪೆಟ್ ಹಾಸಿದ್ದರೂ ಕೆಳಗಿರೋದು ತೇವ ಎಳೆಯುವ ಕಾಂಕ್ರೀಟೇ. ಅದಕ್ಕೇ ಅಲ್ಲಿನ ಎಲೆಕ್ಟ್ರಿಕಲ್ ಕೋಡ್ 2020ರಲ್ಲಿ ಫಿನಿಶ್ ಮಾಡಿದ ಬೇಸ್‌ಮೆಂಟಿಗೂ ಜಿಎಫ್‌ಸಿಐ, ಅಂದರೆ ಕರೆಂಟ್ ಸೋರಿದರೆ ತಾನೇ ಕಟ್ ಮಾಡುವ ಔಟ್‌ಲೆಟ್, ಬೇಕು ಎಂದಿತು. ಹಳೆ ಮನೆಗಳಲ್ಲಿ ಇಲ್ಲದಿರಬಹುದು.

ಈ ಜಿಎಫ್‌ಸಿಐ, ನಮ್ಮೂರಿನ ಮನೆಗಳ ಬೋರ್ಡಿನಲ್ಲಿ ಕರೆಂಟ್ ಸೋರಿಕೆ ಕಾಯುವ ಆರ್‌ಸಿಸಿಬಿಯ ತಮ್ಮ. ಹೋದ ಕರೆಂಟು ಅಷ್ಟೂ ವಾಪಸ್ ಬಂತೇ ಅಂತ ಲೆಕ್ಕ ಇಡುತ್ತದೆ. ಸುಮಾರು 5 ಮಿಲಿಆಂಪ್ ಸೋರಿದರೆ ಕಟ್ ಮಾಡುತ್ತದೆ.

ಮೊದಲು ನಿಮ್ಮ ಟೌನ್‌ನಲ್ಲಿ ಪರ್ಮಿಟ್ ಬೇಕೇ ಎಂದು ಕೇಳಿ.

ಆಮೇಲೆ ಬ್ರೇಕರ್ ಆಫ್ ಮಾಡಿ. ಅಲ್ಲಿ ಔಟ್‌ಲೆಟ್ ಪಕ್ಕ ಸ್ವಿಚ್ ಇರೋದಿಲ್ಲ, ನಮ್ಮವರಿಗೆ ಇದು ಮರೆತೇ ಹೋಗುತ್ತದೆ. ಮೇಲಿನ ತೂತು, ಕೆಳಗಿನ ತೂತು ಎರಡನ್ನೂ ಟೆಸ್ಟರ್‌ನಲ್ಲಿ ನೋಡಿ. ಒಂದರಲ್ಲಿ ಇಲ್ಲ ಅಂದ ಮಾತ್ರಕ್ಕೆ ಇನ್ನೊಂದರಲ್ಲೂ ಇಲ್ಲ ಅಂತಲ್ಲ.

ಹಳೆಯದನ್ನು ಹೊರಗೆಳೆಯಿರಿ. ಎಲ್ಲರೂ ಎಡವೋದು ಇಲ್ಲೇ. ಡಬ್ಬಿಯೊಳಗೆ ಎರಡು ಕೇಬಲ್, ಎರಡು ಕಪ್ಪು ವೈರ್, ಎರಡು ಬಿಳಿ. ಒಂದು ಕೇಬಲ್ ಬ್ರೇಕರ್ ಇರುವ ಪ್ಯಾನೆಲ್‌ನಿಂದ ಕರೆಂಟ್ ತರುತ್ತದೆ, ಅದು ಲೈನ್. ಇನ್ನೊಂದು ಮುಂದಿನ ಔಟ್‌ಲೆಟ್‌ಗಳಿಗೆ ಒಯ್ಯುತ್ತದೆ, ಅದು ಲೋಡ್. ನೋಡಿದರೆ ಗೊತ್ತಾಗೋದಿಲ್ಲ. ಫೋನ್‌ನಲ್ಲಿ ಫೋಟೋ ಹೊಡೆದಿಟ್ಟುಕೊಂಡರೂ ಕಪ್ಪು ಕಪ್ಪೇ ಅಲ್ವಾ?

ಎಲ್ಲ ವೈರ್ ಬಿಡಿಸಿ, ಒಂದಕ್ಕೊಂದು ತಾಗದಂತೆ ದೂರ ಬಾಗಿಸಿ, ಪ್ರತಿಯೊಂದರ ತುದಿಗೂ ವೈರ್‌ನಟ್ (ತುದಿ ಮುಚ್ಚುವ ಪ್ಲಾಸ್ಟಿಕ್ ಟೋಪಿ) ಹಾಕಿ. ಮಕ್ಕಳನ್ನು ಮೇಲೆ ಕಳಿಸಿ ಬ್ರೇಕರ್ ಆನ್ ಮಾಡಿ. ವೈರ್ ಮುಟ್ಟದೆ, ನಾನ್-ಕಾಂಟ್ಯಾಕ್ಟ್ ಟೆಸ್ಟರನ್ನು ಕಪ್ಪು ವೈರ್‌ಗಳ ಹತ್ತಿರ ಹಿಡಿಯಿರಿ. ಕೂಗಿದ್ದು ಲೈನ್. ಮತ್ತೆ ಆಫ್ ಮಾಡಿ, ಆ ಕಪ್ಪಿಗೂ ಅದೇ ಕೇಬಲ್ಲಿನ ಬಿಳಿಗೂ ಟೇಪ್ ಸುತ್ತಿ. ಜೋಡಿ ಅದಲುಬದಲಾದರೆ ಕೆಲಸವೆಲ್ಲ ದಂಡ. ಕೆಂಪು ವೈರ್ ಅಥವಾ ಅಲ್ಯೂಮಿನಿಯಂ ವೈರ್ ಕಂಡರೆ ಅಲ್ಲಿಗೇ ನಿಲ್ಲಿಸಿ, ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ.

ಇನ್ನು ಜೋಡಣೆ ಸುಲಭ. ಕಪ್ಪು ಹಿತ್ತಾಳೆ ಸ್ಕ್ರೂಗೆ, ಬಿಳಿ ಬೆಳ್ಳಿ ಬಣ್ಣದ್ದಕ್ಕೆ, ಬರಿ ತಾಮ್ರ ಹಸಿರಿಗೆ. ಲೈನ್, ಲೋಡ್ ಅಂತ ಹಿಂದೆ ಬರೆದಿರುತ್ತದೆ. ಸಾಮಾನ್ಯವಾಗಿ ಲೋಡ್ ಸ್ಕ್ರೂಗಳ ಮೇಲೆ ಹಳದಿ ಟೇಪ್ ಇರುತ್ತದೆ. ಬ್ರೇಕರ್ 15 ಆಂಪ್ ಆದರೆ 20 ಆಂಪ್ ಔಟ್‌ಲೆಟ್ ತರಬೇಡಿ. ಆನ್‌ಲೈನ್‌ನಲ್ಲಿ ಸಿಗುವ, ಸುರಕ್ಷತೆ ಪರೀಕ್ಷೆ ಆಗಿದೆ ಎನ್ನುವ ಯುಎಲ್ ಅಥವಾ ಇಟಿಎಲ್ ಗುರುತಿಲ್ಲದ ಅಗ್ಗದ ಮಾಲನ್ನು ನಾನಂತೂ ಮನೆಯೊಳಗೆ ಬಿಡೋದಿಲ್ಲ.

ಬ್ರೇಕರ್ ಆನ್ ಮಾಡಿ ರೀಸೆಟ್ ಒತ್ತಿ. ಬಟನ್ ಒಳಗೆ ನಿಲ್ಲದೇ ಹೋದರೆ ಲೈನ್-ಲೋಡ್ ಉಲ್ಟಾ ಆಗಿರಬಹುದು. ದೀಪ ಹಾಕಿ ಟೆಸ್ಟ್ ಒತ್ತಿ, ಆರಬೇಕು. ತಿಂಗಳಿಗೊಮ್ಮೆ ಹೀಗೆ ಒತ್ತಿ ನೋಡಿ.

ಡಬ್ಬದಲ್ಲಿ ಬರುವ ಪುಟ್ಟ ಸ್ಟಿಕ್ಕರ್‌ಗಳನ್ನು ಸುಮ್ನೆ ಬಿಸಾಡುತ್ತಾರೆ. ಅವು ಲೋಡ್ ಕಡೆಯ ಮುಂದಿನ ಔಟ್‌ಲೆಟ್‌ಗಳಿಗೆ ಅಂಟಿಸೋಕೆ; ಆ ಔಟ್‌ಲೆಟ್‌ಗಳನ್ನೂ ಕಾಯೋದು ಇದೇ ಜಿಎಫ್‌ಸಿಐ. ಟ್ರೆಡ್‌ಮಿಲ್ ತಟ್ಟನೆ ನಿಂತಾಗ, ಸೋಫಾ ಹಿಂದಿನ ರೀಸೆಟ್ ಬಟನ್ ನೆನಪಿಸೋದು ಅದೇ ಸ್ಟಿಕ್ಕರ್.